ರಾಜ್ಯಗಳ ಆರ್ಥಿಕತೆ ಗೋಡೆ ಚಾರ್ಟ್ ರಿವ್ಯೂ: ನಂಬರ್ ಹೊಸಾವು, ಮಾಹಿತಿ ಮುತ್ತಜ್ಜನ ಕಾಲದ್ದು

ಐಟಂ ಏನಂದ್ರ ಭಾರತದ ರಾಜ್ಯಗಳ ಆರ್ಥಿಕತೆ ಮತ್ತ ಮುಖ್ಯ ಉದ್ಯಮಗಳ ಗೋಡೆ ಚಾರ್ಟ್, ಕನ್ನಡದಾಗ, ಲ್ಯಾಮಿನೇಷನ್ ಮಾಡಿದ್ದು, ರೇಟು ಇನ್ನೂರರ ಒಳಗ. ಕೊಪ್ಪಳದಾಗ ಪುಸ್ತಕದ ಅಂಗಡಿಯೊಳಗ ತಗೊಂಡೆ. ಯಾರು ಪ್ರಿಂಟ್ ಮಾಡ್ಯಾರ ಅಂತ ಹೆಸರು ಹೇಳಂಗಿಲ್ರಿ, ಇಂಥಾ ಚಾರ್ಟ್ ಹಾಕೋರು ಭಾಳ ಮಂದಿ ಅದಾರ, ಎಲ್ಲಾರೂ ಒಬ್ಬರದ್ದು ಒಬ್ಬರು ನೋಡಿ ಬರದಂಗ ಇರ್ತಾವ. ನನ್ನ ಸ್ಟಾರ್ 5ಕ್ಕ 3.

ನಾನು ಪಿಡಿಓ, ಎಫ್‌ಡಿಎ, ಕೆಎಎಸ್ ಅಂತ ಸರ್ಕಾರಿ ನೌಕರಿ ಪರೀಕ್ಷಾಕ್ಕ ಓದೋ ಹುಡುಗರಿಗೆ ಸಂಜಿಕೆ ಎಕನಾಮಿಕ್ಸ್ ಹೇಳ್ತೀನಿ, ಅದಕ್ಕ ಬೇಕಾಗಿತ್ತು. ಮೊದಲ ಒಳ್ಳೇದು ಹೇಳಿಬಿಡ್ತೀನಿ. ಕಾಗದ ದಪ್ಪ ಐತಿ, ಅಕ್ಷರ ಹಿಂದಿನ ಬೆಂಚಿಗೂ ಕಾಣ್ತಾವ, ಬಣ್ಣ ಕಣ್ಣಿಗೆ ಹೊಡಿಯಂಗಿಲ್ಲ. ಎಲ್ಲಕ್ಕಿಂತ ಚಲೋ ಏನಂದ್ರ ಒಟ್ಟು ಜಿಎಸ್‌ಡಿಪಿ (ರಾಜ್ಯದಾಗ ಒಂದು ವರ್ಷಕ್ಕ ಆಗೋ ಒಟ್ಟು ಉತ್ಪನ್ನದ ಬೆಲಿ) ಬಾಜುಕ ತಲಾ ಆದಾಯನೂ ಹಾಕ್ಯಾರ. ಇದು ಎಲ್ಲಾ ಚಾರ್ಟಿನ್ಯಾಗ ಇರಂಗಿಲ್ಲ. ಒಟ್ಟು ಲೆಕ್ಕ ಅಷ್ಟ ನೋಡಿದ್ರ ಮಹಾರಾಷ್ಟ್ರ ಮೊದಲು, ದೇಶದ ಜಿಡಿಪಿಯಾಗ ಅದರ ಒಂದರದ್ದ ಪಾಲು 13 ಪರ್ಸೆಂಟಿನ ಮ್ಯಾಲ, ಆಮ್ಯಾಲ ತಮಿಳುನಾಡು, ಉತ್ತರ ಪ್ರದೇಶ, ಕರ್ನಾಟಕ, ಗುಜರಾತ್ ಒಂದರ ಬೆನ್ನಿಗೆ ಒಂದು ನಿಂತಾವ. ಆದ್ರ ತಲಾ ಆದಾಯದ ಕಾಲಂಗೆ ಬಂದ್ರ ಯುಪಿ ಎಲ್ಲೋ ಕೆಳಗ ಹೋಗಿರ್ತತಿ. ದೇಶದ ಸರಾಸರಿ 100 ಅಂತ ಹಿಡಕೊಳ್ರಿ, ತೆಲಂಗಾಣ 190ರ ಮ್ಯಾಲ, ಕರ್ನಾಟಕ 180ರ ಸನೇಕ, ಯುಪಿ 50ರ ಆಸುಪಾಸು, ಬಿಹಾರ ಮೂರನೇ ಒಂದು ಪಾಲು. ಪ್ರಧಾನಿಯವರ ಆರ್ಥಿಕ ಸಲಹಾ ಮಂಡಳಿ 2024ರಾಗ ತಂದ ವರದಿಯಾಗಿನ ಲೆಕ್ಕ ಇವು, ಚಾರ್ಟಿನವರೂ ಅದರಾಗಿಂದನ ಎತ್ಯಾರ ಅನಸ್ತತಿ, ನಂಬರ್ ಸರಿಯಾಗಿ ಕುಂತಾವ.

ಅದ ವರದಿಯಾಗಿನ ಇನ್ನೊಂದು ಚಿತ್ರ ಕೆಳಗಿನ ಮೂಲಿಯಾಗ ಸಣ್ಣದಾಗಿ ಹಾಕ್ಯಾರ, ನನಗ ಕೇಳಿದ್ರ ಚಾರ್ಟಿನ ಅರ್ಧ ರೊಕ್ಕ ಅದಕ್ಕ ಸಂದತಿ. ಪಶ್ಚಿಮ ಬಂಗಾಳ 1960-61ರಾಗ ದೇಶದ ಜಿಡಿಪಿಯಾಗ 10.5 ಪರ್ಸೆಂಟ್ ಇತ್ತು, 2023-24ಕ್ಕ 5.6. ಪಂಜಾಬಿನ ತಲಾ ಆದಾಯ 1970-71ರಾಗ ಸರಾಸರಿಯ 169 ಪರ್ಸೆಂಟ್, 2023-24ಕ್ಕ 107ರ ಹತ್ರ. ಅದರ ಬಾಜೂಕಿನ ಹರಿಯಾಣ 177ರ ಸನೇಕ ಐತಿ, 1966ರ ತನಕ ಎರಡೂ ಒಂದ ರಾಜ್ಯ ಆಗಿದ್ವು ನೋಡ್ರಿ! ಒಬ್ಬರು ಗೋಧಿ ಭತ್ತದಾಗ ಉಳಿದ್ರು, ಇನ್ನೊಬ್ಬರಿಗೆ ದಿಲ್ಲಿ ಮಗ್ಗಲ ಗುರುಗ್ರಾಮ, ಮಾನೇಸರದಾಗ ಕಾರಿನ ಫ್ಯಾಕ್ಟರಿ, ಆಫೀಸು ಎಲ್ಲಾ ಬಂದ್ವು. ಹುಡುಗರಿಗೆ ಈ ಎರಡು ಗೆರಿ ತೋರಿಸಿದ್ರ ಸಾಕು, ಪ್ರಶ್ನೆ ಅವರ ಕೇಳ್ತಾರ.

ಇನ್ನ ಬೈಯೋದಕ್ಕ ಬರೋಣು. ನಂಬರ್ ಹೊಸಾವು ಹಾಕಿ, ಉದ್ಯಮದ ಕಾಲಂ ಹಳೇ ಚಾರ್ಟಿನಿಂದ ಹಂಗ ಎತ್ತಿ ಅಂಟಿಸ್ಯಾರ. ಬಿಹಾರದ ಡಬ್ಬಿಯಾಗ ಕಲ್ಲಿದ್ದಲು, ಅಭ್ರಕ, ಉಕ್ಕು! ಏ ಮಾರಾಯ್ರ, 2000ದ ನವೆಂಬರದಾಗ ಝಾರ್ಖಂಡ ಬ್ಯಾರೆ ಆತು, ಧನಬಾದ್, ಬೊಕಾರೊ, ಜಮ್ಶೆಡ್‌ಪುರ ಎಲ್ಲಾ ಆ ಕಡೆ ಹೋದ್ವು. ಆಂಧ್ರದ ಡಬ್ಬಿಯಾಗ ಸಿಂಗರೇಣಿ ಕಲ್ಲಿದ್ದಲು, ಅದು 2014ರಾಗ ತೆಲಂಗಾಣಕ್ಕ ಹೋತು. ಮ್ಯಾಲ ತೆಲಂಗಾಣಕ್ಕ ಬ್ಯಾರೆ ಡಬ್ಬಿನೂ ಐತಿ, ಅದರಾಗ ಬರೇ ಹೈದರಾಬಾದಿನ ಐಟಿ, ಔಷಧ. ಅಂಗಡಿಯವರಿಗೆ ಕೇಳಿದೆ, "ಅಣ್ಣಾ, ಇದರದ್ದು ಹೊಸಾ ಎಡಿಷನ್ ಇಲ್ಲೇನ್ರಿ?" ಅಂತ, "ಇದ ಹೊಸಾದ್ರೀ ಸರ್, ಮ್ಯಾಲ ಇಸವಿ ನೋಡ್ರಲ್ಲ" ಅಂದ. ಇಸವಿ ಹೊಸಾದ ಐತಿ ಬಿಡ್ರಿ, ಅವನದೇನು ತಪ್ಪು.

ಕರ್ನಾಟಕದ ಡಬ್ಬಿ ನೋಡಿ ಮಾತ್ರ ಸಿಟ್ಟು ಬಂತು. ವಿಧಾನಸೌಧದ ಚಿತ್ರ, ಅದರ ಕೆಳಗ ಸಾಫ್ಟ್‌ವೇರ್, ವಿಮಾನ, ಕಾಫಿ, ರೇಷ್ಮೆ, ಕೋಲಾರದ ಬಂಗಾರ. ಕೋಲಾರದ ಗಣಿ 2001ರಾಗ ಬಂದಾತ್ರೀ. ಬಂಗಾರ ತೆಗಿಯೋದು ರಾಯಚೂರ ಜಿಲ್ಲಾ ಲಿಂಗಸುಗೂರ ತಾಲೂಕಿನ ಹಟ್ಟಿಯಾಗ, ರಾಜ್ಯ ಸರ್ಕಾರದ್ದ ಕಂಪನಿ, ಅದರ ಹೆಸರ ಇಲ್ಲ. ಶಕ್ತಿನಗರದ 1720 ಮೆಗಾವ್ಯಾಟಿನ ಕಲ್ಲಿದ್ದಲು ವಿದ್ಯುತ್ ಸ್ಥಾವರ ಆರ್‌ಟಿಪಿಎಸ್ ಇಲ್ಲ. ತೋರಣಗಲ್ಲ ಸ್ಟೀಲ್ ಇಲ್ಲ! ಕಬ್ಬಿಣದ ಅದಿರು ಒಂದ ಬರದು "ಬಳ್ಳಾರಿ-ಹೊಸಪೇಟೆ" ಅಂತ ಹಾಕಿ ಒಂದ ಜಿಲ್ಲಾದ ಬಣ್ಣ ತುಂಬ್ಯಾರ, ಹೊಸಪೇಟೆ ಇರೋ ವಿಜಯನಗರ ಜಿಲ್ಲಾ ಬ್ಯಾರೆ ಆಗಿದ್ದು 2021ರಾಗ. ನಮ್ಮ ಕೊಪ್ಪಳ ಅಂತೂ ಖಾಲಿ ಬಿಳೀ ಜಾಗ. ಗಿಣಿಗೇರಿ ಕಡೆ ಫ್ಯಾಕ್ಟರಿ ಹೊಗಿಗೆ ಅಂಗಳದಾಗ ಅರಿವಿ ಒಣಗಸಾಕ ಆಗವಲ್ದು ಅಂತ ಮಂದಿ ಹೊಡಕೊಂಡು ಅಳತಾರ, ಚಾರ್ಟಿನ್ಯಾಗ ಇಲ್ಲಿ ಉದ್ಯಮನ ಇಲ್ಲ. ಗಂಗಾವತಿ ಅಕ್ಕಿ ಮಿಲ್ಲು, ಕಿನ್ನಾಳ ಗೊಂಬಿ ಕೇಳಬ್ಯಾಡ್ರಿ.

ಹೆಸರು ಬಿಟ್ಟಿದ್ದಕ್ಕಿಂತ ದೊಡ್ಡ ತಕರಾರು ಬ್ಯಾರೆ ಐತಿ. ಚಾರ್ಟ್ ನೋಡಿದ್ರ ಯಾರ ನೆಲದಾಗ ಏನು ಸಿಗತತಿ ಅದ ಅವರ ಶ್ರೀಮಂತಿಕಿ ಅನ್ನಂಗ ಕಾಣ್ತತಿ. ಹಂಗಿದ್ರ ದೇಶದ ಅರ್ಧಕ್ಕಿಂತ ಜಾಸ್ತಿ ಕಬ್ಬಿಣದ ಅದಿರು ತೆಗಿಯೋ ಒಡಿಶಾ, ಕಲ್ಲಿದ್ದಲು ತುಂಬಿದ ಝಾರ್ಖಂಡ ಎಲ್ಲಾರಕಿಂತ ಮುಂದ ಇರಬೇಕಾಗಿತ್ತು. ಸೂರತ್ತಿನ ನೆಲದಾಗ ವಜ್ರ ಇಲ್ಲ, ಹೊರದೇಶದ ಕಚ್ಚಾ ವಜ್ರ ತಂದು ಕೊಯ್ದು ಪಾಲಿಶ್ ಮಾಡ್ತಾರ, ಜಗತ್ತಿನ ಹತ್ತರಾಗ ಒಂಬತ್ತು ವಜ್ರ ಅಲ್ಲಿ ಕೈದಾಟಿ ಬರ್ತಾವ ಅಂತಾರ. ಜಾಮನಗರದ ರಿಫೈನರಿಗೆ ಕಚ್ಚಾ ಎಣ್ಣಿ ಹಡಗದಾಗ ಬರ್ತತಿ. ರಾಯಚೂರ ಮಾರ್ಕೆಟಿನ ಹತ್ತಿ ಇಲ್ಲೆ ಗಿನ್ನಿಂಗ್ ಆಗಿ (ಬೀಜ ಬಿಡಿಸಿ) ಬೇಲ್ ಕಟ್ಟಿ ಲಾರಿ ಏರ್ತತಿ, ನೂಲು, ಬನೀನು, ಟಿ ಶರ್ಟ್ ಆಗಿ ರೊಕ್ಕ ಬೆಳಿಯೋದು ತಿರುಪ್ಪೂರಿನಂಥಾ ಊರಾಗ. ಬಳ್ಳಾರಿ ಜೀನ್ಸ್ ಉಲ್ಟಾ, ಬಟ್ಟಿ ಅಹಮದಾಬಾದ್ ಕಡಿಂದ ಬರ್ತತಿ, ಹೊಲಿಗಿ ವಾಶಿಂಗ್ ನಮ್ಮಲ್ಲಿ.

ಅದಿರಿನ ರಾಜ್ಯಗಳು ಯಾಕ ಹಿಂದ ಬಿದ್ವು ಅನ್ನೋದಕ್ಕ ಒಂದು ಸಾಲು ಬರದಿದ್ರೂ ಸಾಕಾಗಿತ್ತು. ಫ್ರೇಟ್ ಈಕ್ವಲೈಸೇಷನ್ ಅಂತ 1950ರ ದಶಕದಾಗ ಕೇಂದ್ರ ಒಂದು ನೀತಿ ತಂದು 1993ರ ತನಕ ನಡಸ್ತು, ಉಕ್ಕು ಕಲ್ಲಿದ್ದಲು ದೇಶದ ಯಾವ ಮೂಲಿಗೆ ಒಯ್ದ್ರೂ ಸಾಗಾಣಿಕಿ ಖರ್ಚು ಒಂದ ಬೀಳೂವಂಗ ಸರ್ಕಾರ ಭರ್ತಿ ಮಾಡ್ತಿತ್ತು. ಹಂಗಾದ ಮ್ಯಾಲ ಫ್ಯಾಕ್ಟರಿ ಹಾಕೋನು ಗಣಿ ಬಾಜುಕ ಯಾಕ ಹೋಗ್ತಾನ, ಬಂದರ, ಬ್ಯಾಂಕು, ಗಿರಾಕಿ ಇರೋ ಮುಂಬೈ, ಗುಜರಾತ್, ತಮಿಳುನಾಡಿಗೆ ಹೋದ. ಬಿಹಾರ, ಬಂಗಾಳ, ಒಡಿಶಾದ ಕೈಯಾಗ ಅಗದ ತೆಗ್ಗು ಉಳೀತು. ಇದನ್ನ ಬಳ್ಳಾರಿ ಕಡೆ ಮಂದಿಗೆ ಬಿಡಿಸಿ ಹೇಳೋದು ಬೇಕಾಗಿಲ್ಲ. ಅದಿರು ಲಾರಿಗೆ ಲಾರಿ ಬಂದರಿಗೆ ಹೋಗಿ ಚೀನಾ ಹಡಗ ಏರಿದ ಕಾಲ, ಆಮ್ಯಾಲ 2011ರ ಜುಲೈದಾಗ ಸುಪ್ರೀಂ ಕೋರ್ಟ್ ಗಣಿಗಾರಿಕಿ ನಿಲ್ಲಿಸಿದ್ದು ಎಲ್ಲಾ ನೋಡ್ಯಾರ. ಅದ ಅದಿರು ತೋರಣಗಲ್ಲಿನ್ಯಾಗ ಸ್ಟೀಲ್ ಆದ್ರ ಲೆಕ್ಕ ಪೂರಾ ಬ್ಯಾರೆ, ನೌಕರಿ ಬ್ಯಾರೆ, ಧೂಳು ಅಷ್ಟ ಒಂದ.

ಇನ್ನ ಕರ್ನಾಟಕ ಅಂತ ಒಂದ ಬಣ್ಣ ಹಚ್ಚಿದ್ದು. ರಾಜ್ಯದ ಜಿಎಸ್‌ಡಿಪಿಯಾಗ ಮೂರನೇ ಒಂದು ಪಾಲಿಗಿಂತ ಜಾಸ್ತಿ ಬೆಂಗಳೂರು ನಗರ ಜಿಲ್ಲಾ ಒಂದರದ್ದು. ತಲಾ ಆದಾಯದ ಆ 180ರೊಳಗ ಕೊಪ್ಪಳ ರಾಯಚೂರದ ಮಂದಿ ಎಷ್ಟು ಕಾಣ್ತಾರ? ನಂಜುಂಡಪ್ಪ ಸಮಿತಿ 2002ರಾಗ 114 ಹಿಂದುಳಿದ ತಾಲೂಕು ಅಂತ ಪಟ್ಟಿ ಮಾಡ್ತು, ಆಮ್ಯಾಲ ನಮ್ಮ ಕಲ್ಯಾಣ ಕರ್ನಾಟಕದ ಮಂದಿಗೆ ಓದು, ನೌಕರಿಯಾಗ ಮೀಸಲಾತಿ ಕೊಡೋ ಸಂವಿಧಾನದ 371ಜೆ ಕಲಂ ಬಂತು, ಹುಡುಗರು ಅದರ ಸರ್ಟಿಫಿಕೇಟ್ ಹಿಡಕೊಂಡ ಪರೀಕ್ಷಾ ಬರಿಯೋದು. ಅಂಥೋರಿಗೆ ಮಾರೋ ಚಾರ್ಟಿನ್ಯಾಗ ಜಿಲ್ಲಾವಾರು ಸಣ್ಣ ಟೇಬಲ್ ಹಾಕಾಕ ಜಾಗ ಇರಲಿಲ್ಲಂತ, ಆದ್ರ ಪ್ರಕಾಶಕರ ಬ್ಯಾರೆ ಪುಸ್ತಕದ ಜಾಹೀರಾತಿಗೆ ಅಂಗೈ ಅಗಲ ಜಾಗ ಸಿಕ್ಕೇತಿ.

ತಗೋಬೇಕೋ ಬ್ಯಾಡೋ ಅಂದ್ರ, ತಗೋರಿ, ತಲಾ ಆದಾಯದ ಕಾಲಂ ಮತ್ತ ಆ ಮೂಲಿ ಚಿತ್ರಕ್ಕ. ಉದ್ಯಮದ ಕಾಲಂ ಬಾಯಿಪಾಠ ಮಾಡಿ ಪರೀಕ್ಷಾಕ್ಕ ಹೋಗಬ್ಯಾಡ್ರಿ, ಮಾರ್ಕ್ಸ್ ಹೊಕ್ಕಾವ. ಜಿಲ್ಲಾವಾರು ಲೆಕ್ಕ ರಾಜ್ಯದ ಆರ್ಥಿಕ ಸಮೀಕ್ಷೆಯಾಗ ವರ್ಷಾ ಬರ್ತತಿ, ಪಿಡಿಎಫ್ ಪುಕ್ಕಟ ಸಿಗತತಿ, ಆ ಒಂದ ಪುಟ ಪ್ರಿಂಟ್ ತಗದು ಚಾರ್ಟಿನ ಜಾಹೀರಾತಿನ ಮ್ಯಾಲ ಹಚ್ರಿ, ಅಳತಿ ಸರಿ ಕೂಡ್ತತಿ. ಮತ್ತ ಲ್ಯಾಮಿನೇಷನ್ ಇಲ್ಲದ್ದ ಕೇಳಿ ತಗೋರಿ, ರೇಟೂ ಕಮ್ಮಿ, ಪೆನ್ನಲೆ ತಿದ್ದಾಕೂ ಬರ್ತತಿ. ನಂದು ಲ್ಯಾಮಿನೇಷನ್ನಿಂದು, ಮಾರ್ಕರ್‌ಲೆ ಹಟ್ಟಿ ಅಂತ ಬರದ್ರ ಫ್ಯಾನಿನ ಗಾಳಿಗೆ ಒಣಗೋದ್ರಾಗ ಯಾರರ ಭುಜ ತಾಗಿ ಒರಸಿ ಹೊಕ್ಕೇತಿ.