ಹಾಸನದಿಂದ ಬೆಂಗಳೂರಿಗೆ ಮಾರ್ಚ್‌ನಲ್ಲಿ: ಕುಣಿಗಲ್ ರೋಡಾ, ಅರಸೀಕೆರೆ ರೋಡಾ?

ಬೇಗ ಸೇರಬೇಕು ಅಂದ್ರೆ ಕುಣಿಗಲ್ ರೋಡೇ, ಅದರಲ್ಲಿ ಮಾತಿಲ್ಲ. ಆದರೆ ದಾರಿಯಲ್ಲಿ ಏನಾದರೂ ನೋಡಿಕೊಂಡು ಹೋಗುವವರಿಗೆ ಲೆಕ್ಕ ಬೇರೆ.

ಕುಣಿಗಲ್ ಕಡೆ ಹೋದರೆ ಚನ್ನರಾಯಪಟ್ಟಣದಿಂದ ಶ್ರವಣಬೆಳಗೊಳಕ್ಕೆ ತಿರುಗಬಹುದು. 600ಕ್ಕೂ ಜಾಸ್ತಿ ಮೆಟ್ಟಿಲು, ಅದೂ ಬರಿಗಾಲಲ್ಲಿ. ಮಾರ್ಚ್ ಬಿಸಿಲಿಗೆ ಬಂಡೆ ಕಾದ ಕಾವಲಿ ಆಗಿರುತ್ತೆ, ಹಾಗಾಗಿ ಹಾಸನದಿಂದ ಬೆಳಗ್ಗೆ ಆರರೊಳಗೆ ಹೊರಟರೆ ಸರಿ, ಇಲ್ಲಾಂದ್ರೆ ಅರ್ಧ ಜನ ಬೆಟ್ಟದ ಕೆಳಗೇ ನಿಂತು ಎಳನೀರು ಕುಡೀತಾರೆ. ಹತ್ತಿದವರಿಗೆ ಮಾತ್ರ ಮೋಸವಿಲ್ಲ: ಒಂದೇ ಬಂಡೆಯಲ್ಲಿ ಕಡೆದ ಸುಮಾರು 58 ಅಡಿಯ ಗೊಮ್ಮಟ, ಚಾವುಂಡರಾಯ ಮಾಡಿಸಿದ್ದು.

ಅರಸೀಕೆರೆ ಕಡೆ ಸುತ್ತು ಜಾಸ್ತಿ. ಆದರೆ ಅಲ್ಲಿನ ಹೊಯ್ಸಳರ ಶಿವಾಲಯ 1220ರದ್ದು, ನಕ್ಷತ್ರದ ಆಕಾರದ ಮಂಟಪ ಇದೆ, ಬೇಲೂರಿನಷ್ಟು ಜನ ಇರೋದಿಲ್ಲ. ಬೆಟ್ಟ ಹತ್ತುವ ಕಾಟವೂ ಇಲ್ಲ. ತಿಪಟೂರಿನ ತೆಂಗಿನ ತೋಟ ದಾಟಿ ತುಮಕೂರಿಗೆ ಬಂದರೆ ದೇವರಾಯನದುರ್ಗ, ಪಕ್ಕದಲ್ಲೇ ನಾಮದ ಚಿಲುಮೆಯ ಜಿಂಕೆಗಳು. ಅಜ್ಜಿ, ಮಕ್ಕಳು ಜೊತೆಗಿದ್ದರೆ ನಾನಂತೂ ಇದನ್ನೇ ಹಿಡಿಯುತ್ತೇನೆ.

ಎರಡೂ ದಾರಿ ನೆಲಮಂಗಲದಲ್ಲಿ ಒಂದಾಗುತ್ತವೆ, ಜಾಮ್ ಇಬ್ಬರಿಗೂ ಸಮ. ಕಬ್ಬನ್ ಪಾರ್ಕಿನಲ್ಲಿ ಗುಲಾಬಿ ಬಣ್ಣದ ತಬೆಬುಯಾ ಮರದ ಹೂ ನೋಡಬೇಕಿದ್ದರೆ ತಿಂಗಳ ಕೊನೆವರೆಗೆ ಕಾಯಬೇಡಿ.