ಸಿಲ್ಕ್ ಸಾನಿಕ್ಕೋ, ಬ್ಲ್ಯಾಕ್ ಮೆಸ್ಸಾಯನೋ?

ಈ ಕಾಲದ ಫಂಕ್‌ (ಬೇಸ್, ಡ್ರಮ್ಸ್ ತಾಳವೇ ಮುಂದಿರುವ ಅಮೆರಿಕದ ಕುಣಿತದ ಸಂಗೀತ) ರೆಕಾರ್ಡ್ ಒಂದೇ ಕೊಳ್ಳುವಷ್ಟು ದುಡ್ಡಿದೆ, ವಿಮರ್ಶಕರು ಎರಡನ್ನೂ ಹೊಗಳಿದ್ದಾರಲ್ಲ ಮಾರಾಯ ಅಂತ ಜಯನಗರದ ಗೆಳೆಯನ ತಕರಾರು. ಹೊಗಳಿದ್ದು ನಿಜ, ಆದರೆ ಒಂದೇ ಥರ ಅಲ್ಲ.

ಅಮೆರಿಕದ ಗಾಯಕ ಡಿ’ಆಂಜೆಲೊ 14 ವರ್ಷ ಆಲ್ಬಮ್ಮೇ ಇಲ್ಲದೆ ಇದ್ದು 2014ರ ಡಿಸೆಂಬರ್‌ನಲ್ಲಿ ‘ಬ್ಲ್ಯಾಕ್ ಮೆಸ್ಸಾಯ’ ತಂದಾಗ ಸಂಗೀತ ವಿಮರ್ಶೆಯ ಜಾಲತಾಣ ಪಿಚ್‌ಫೋರ್ಕ್ 10ಕ್ಕೆ 9.4 ಕೊಟ್ಟಿತು. ಸದ್ದು ತಿದ್ದುವ ಕಂಪ್ಯೂಟರ್ ತಂತ್ರಾಂಶ, ಅಂದರೆ ಡಿಜಿಟಲ್ ಪ್ಲಗಿನ್ ಮುಟ್ಟದೆ ಟೇಪಿನಲ್ಲೇ ಮುಗಿಸಿದ ಕೆಲಸ. ಡ್ರಮ್ಸ್ ತಾಳಕ್ಕಿಂತ ಕೂದಲೆಳೆಯಷ್ಟು ಹಿಂದೆ ಬೀಳುತ್ತದೆ, ಮಾತು ಗೊಣಗಿದಂತಿದೆ. ಮೊದಲ ಸಲ ನನ್ನ ಸ್ಪೀಕರೇ ಕೆಟ್ಟಿದೆ ಅಂದುಕೊಂಡಿದ್ದೆ! ಮೂರನೇ ಸಲಕ್ಕೆ ಬೇಸ್ ಹಿಡಿದು ಕೂರಿಸಿತು.

ಬ್ರೂನೊ ಮಾರ್ಸ್, ಆಂಡರ್ಸನ್ ಪಾಕ್ ಜೋಡಿಯ ಹೆಸರು ‘ಸಿಲ್ಕ್ ಸಾನಿಕ್’. ಅವರ ಆಲ್ಬಮ್ ‘ಆ್ಯನ್ ಈವ್ನಿಂಗ್ ವಿತ್ ಸಿಲ್ಕ್ ಸಾನಿಕ್’ (2021) ಕೇಳಿದ ಕೂಡಲೇ ಒಲಿಯುತ್ತದೆ. ಅದರ ಒಂದೇ ಹಾಡಿಗೆ 4 ಗ್ರ್ಯಾಮಿ. 70ರ ದಶಕದ ನಕಲು ಅಂತ ಕೆಲವರು ಮೂಗು ಮುರಿದರು. ಆ ಕಾಲದ ಫಂಕ್ ಬೇಸ್ ವಾದಕ ಬೂಟ್ಸಿ ಕಾಲಿನ್ಸೇ ಬಂದು ನಿರೂಪಣೆ ಮಾಡಿರುವಾಗ ನನಗದು ದೊಡ್ಡ ದೂರಲ್ಲ. ಉದ್ದ 31 ನಿಮಿಷ, ಸಿಲ್ಕ್ ಬೋರ್ಡ್ ದಾಟುವಷ್ಟರಲ್ಲಿ ಖಲಾಸ್.

ಮನೆಗೆ ನೆಂಟರು ಬರುವವರಿದ್ದರೆ ಸಿಲ್ಕ್ ಸಾನಿಕ್. ರಾತ್ರಿ ಹೆಡ್‌ಫೋನ್ ಹಾಕಿ ಒಂದು ಗಂಟೆ ಒಬ್ಬನೇ ಕೂರುವ ತಾಳ್ಮೆಯಿದ್ದರೆ ಬ್ಲ್ಯಾಕ್ ಮೆಸ್ಸಾಯ.