ಬದಿಯಡ್ಕದ ಹಾರ್ಡ್‌ವೇರ್ ಅಂಗಡಿ ಮತ್ತು ನಮ್ಮ ಸೋರುವ ಸಿಂಕು: ನಾಲ್ಕೂವರೆ ಸ್ಟಾರ್

ಅಡುಗೆಮನೆಯ ಟ್ಯಾಪ್ ಬದಲಿಸಿದ್ದು ಶನಿವಾರ ಬೆಳಿಗ್ಗೆ, ಸೋರುವುದು ನಿಂತದ್ದು ಮಂಗಳವಾರ ಸಂಜೆ. ಅಷ್ಟರಲ್ಲಿ ಅಮ್ಮ ಸಿಂಕಿನ ಕೆಳಗೆ ಇಟ್ಟ ಚೆಂಬು ಎಷ್ಟು ಸಲ ತುಂಬಿತೋ ಲೆಕ್ಕ ಇಲ್ಲ.

ಟ್ಯಾಪ್ ಆನ್‌ಲೈನಿನಲ್ಲಿ ತರಿಸಿದ್ದು, ಗೋಡೆಗೆ ಕೂರುವ, ಕೊಕ್ಕರೆ ಕತ್ತಿನ ಹಾಗೆ ಬಾಗಿದ್ದು. ಪ್ಲಂಬರನ್ನು ಕರೆದರೆ ‘ಇವತ್ತು ಬರುತ್ತೇನೆ’ ಅಂತ ಮೂರು ದಿನ ಹೇಳಿದ. ನಾಲ್ಕನೇ ದಿನ ಫೋನೇ ತೆಗೆಯಲಿಲ್ಲ. ಅಡಿಕೆಗೆ ಮದ್ದು ಬಿಡುವ ಪಂಪನ್ನು ಬಿಚ್ಚಿ ಜೋಡಿಸುವವನಿಗೆ ಒಂದು ಟ್ಯಾಪ್ ಯಾವ ಲೆಕ್ಕ ಅಂತ ನಾನೇ ಕೈ ಹಾಕಿದೆ. ಟ್ಯಾಂಕಿಯ ವಾಲ್ವ್ ಮುಚ್ಚಿದೆ, ಹಳೇದನ್ನು ಬಿಚ್ಚಿದೆ, ಹೊಸದರ ಥ್ರೆಡ್ಡಿಗೆ, ಅಂದರೆ ತಿರುಪಿನ ಗೆರೆಗಳಿಗೆ, ಸೋರದ ಹಾಗೆ ಟೆಫ್ಲಾನ್ ಟೇಪ್ ಸುತ್ತಿ ತಿರುಗಿಸಿದೆ. ನೀರು ಬಿಟ್ಟ ಕೂಡಲೇ ಟ್ಯಾಪಿನ ಬುಡ ಮುಚ್ಚುವ ಗೋಡೆಯ ಬಿಲ್ಲೆಯ ಹಿಂದಿನಿಂದ ಟೈಲ್ಸ್ ಮೇಲೆ ಸಣ್ಣ ಗೆರೆ ಇಳಿಯಿತು. ಇನ್ನಷ್ಟು ಟೇಪ್ ಸುತ್ತಿದೆ. ಮತ್ತೆ ಗೆರೆ. ಎರಡು ಉಂಡೆ ಕಲಸಿ ಹಚ್ಚುವ ಪುಟ್ಟಿಯನ್ನೂ ಮೆತ್ತಿ ನೋಡಿದೆ. ಒದ್ದೆ ಜಾಗಕ್ಕೆ ಅದು ಹಿಡಿಯುವುದೇ ಇಲ್ಲ, ಬೆಳಿಗ್ಗೆ ಸಿಂಕಿನಲ್ಲಿ ಬಿದ್ದಿತ್ತು.

ಟ್ಯಾಪೇ ಸರಿ ಇಲ್ಲ ಅಂತ ತೀರ್ಮಾನಿಸಿ ಸೋಮವಾರ ಶಾಲೆ ಬಿಟ್ಟ ಮೇಲೆ ಕಾಸರಗೋಡಿನ ಬದಿಯಡ್ಕ ಪೇಟೆಗೆ ಹೋದೆ, ಬೇರೆ ಟ್ಯಾಪ್ ತರಲು. ಚೆರ್ಕಳ–ಕಲ್ಲಡ್ಕ ರಸ್ತೆಯ ಬದಿಯ ಅಂಗಡಿ. ಬೋರ್ಡಿನ ಮೇಲೆ ಮಲಯಾಳ, ಕೆಳಗೆ ಕನ್ನಡ, ಎರಡೂ ಬಿಸಿಲಿಗೆ ಮಾಸಿ ಹೆಸರು ಓದಲಿಕ್ಕೆ ಆಗುವುದಿಲ್ಲ. ಬೇರೆಯವರಾದರೆ ಸಾವಿರದ ಟ್ಯಾಪ್ ತೆಗೆದು ಕೊಡುತ್ತಿದ್ದರು. ಇವರು ಕೇಳಿದ್ದು ಒಂದೇ ಪ್ರಶ್ನೆ. “ಮಾಷ್ಟ್ರೇ, ಒಳಗೆ ಎಷ್ಟು ಸುತ್ತು ಹೋಗುತ್ತದೆ?”

ಮೂರು ಅಂದೆ. ನಕ್ಕರು. “ಹಳೇ ಟ್ಯಾಪಿನ ಹಿಂದೆ ಒಂದು ತುಂಡು ಬಂದಿರಬೇಕಲ್ಲಾ, ಅದೆಲ್ಲಿ?”

ಬಂದಿತ್ತು! ಅದು ಟ್ಯಾಪಿನದೇ ಭಾಗ ಅಂದುಕೊಂಡು ನಾನು ಎರಡನ್ನೂ ಒಟ್ಟಿಗೆ ಗುಜರಿ ಚೀಲಕ್ಕೆ ಹಾಕಿದ್ದೆ. ಎಕ್ಸ್‌ಟೆನ್ಷನ್ ನಿಪ್ಪಲ್ ಅಂತೆ, ಉದ್ದ ಸಾಲದಿದ್ದಾಗ ಪೈಪಿಗೂ ಟ್ಯಾಪಿಗೂ ನಡುವೆ ಹಾಕುವ ತುಂಡು. ನಮ್ಮಲ್ಲಿ ಹಳೇ ಟೈಲ್ಸಿನ ಮೇಲೆಯೇ ಹೊಸ ಟೈಲ್ಸ್ ಕೂರಿಸಿದ್ದರಿಂದ ಗೋಡೆಯ ಎಲ್ಬೋ, ಅಂದರೆ ಟ್ಯಾಪ್ ಕೂರುವ ಪೈಪಿನ ಬಾಗು, ಅಷ್ಟು ಒಳಗೆ ಹೋಗಿದೆ. ಅಲ್ಲಿಯವರೆಗೆ ಟ್ಯಾಪಿನ ಥ್ರೆಡ್ ಸರಿಯಾಗಿ ಮುಟ್ಟುವುದಿಲ್ಲ. ಮೂರು ಸುತ್ತಿನ ಹಿಡಿತದಲ್ಲಿ ಎಷ್ಟು ಟೇಪ್ ಸುತ್ತಿದರೂ ಅಷ್ಟೇ. ಅರ್ಧ ಇಂಚಿನ ಥ್ರೆಡ್ಡಿನ, ಒಂದಿಂಚು ಉದ್ದದ ಹಿತ್ತಾಳೆಯ ನಿಪ್ಪಲ್ ಕೊಟ್ಟರು, 120 ರೂಪಾಯಿ.

ಅರ್ಧ ಇಂಚಿನದ್ದು ಅಂತ ಹೇಗೆ ಗೊತ್ತಾಯಿತು ಅಂತ ನಾನು ಲೆಕ್ಕದ ಮಾಷ್ಟ್ರಾಗಿ ಕೇಳಿಯೇ ಬಿಟ್ಟೆ. ಯಾಕೆಂದರೆ ಮನೆಯಲ್ಲಿ ಸ್ಕೇಲ್ ಹಿಡಿದು ನೋಡಿದಾಗ ಥ್ರೆಡ್ಡಿನ ಹೊರ ಅಳತೆ ಸುಮಾರು 21 ಮಿಲಿಮೀಟರ್ ಬಂದಿತ್ತು, ಅರ್ಧ ಇಂಚು ಅಂದರೆ 13 ಕೂಡ ಇಲ್ಲ ಅಲ್ವಾ? ಅದು ಪೈಪಿನ ಒಳಗಿನ ತೂತಿನ ಲೆಕ್ಕದಿಂದ ಬಂದ ಹೆಸರು, ಸ್ಕೇಲ್ ಇಟ್ಟರೆ ಯಾವತ್ತೂ ಸರಿ ಬರುವುದಿಲ್ಲ ಅಂದರು.

ಆಮೇಲೆ ನನ್ನ ಟ್ಯಾಪನ್ನು ಕೈಗೆ ತಗೊಂಡರು. ನಾನು ಸುತ್ತಿದ ಟೇಪ್ ಥ್ರೆಡ್ಡಿನ ಬುಡದಲ್ಲಿ ಒತ್ತುಶ್ಯಾವಿಗೆಯ ಹಾಗೆ ಮುದ್ದೆಯಾಗಿತ್ತು. ಸುತ್ತಿದ್ದೇ ಉಲ್ಟಾ! ಥ್ರೆಡ್ಡಿನ ಬಾಯಿ ನಮ್ಮ ಕಡೆ ಇಟ್ಟು ಗಡಿಯಾರದ ಮುಳ್ಳು ಹೋಗುವ ದಿಕ್ಕಿಗೆ ಸುತ್ತಬೇಕು, ಇಲ್ಲದಿದ್ದರೆ ತಿರುಗಿಸುವಾಗ ಅದೇ ಬಿಚ್ಚಿಕೊಳ್ಳುತ್ತದೆ. ಅವರು ಹ್ಯಾಕ್ಸಾ ಬ್ಲೇಡಿನಿಂದ ನಿಪ್ಪಲಿನ ನುಣುಪು ಥ್ರೆಡ್ಡನ್ನು ಅಡ್ಡಕ್ಕೆ ಅಲ್ಲಲ್ಲಿ ಸ್ವಲ್ಪ ಗೀರಿದರು, ಟೇಪ್ ಜಾರದ ಹಾಗೆ. ಬಾಯಿಯ ಹತ್ತಿರ ಮೊದಲ ಸುತ್ತು ಖಾಲಿ ಬಿಟ್ಟು, ಟೇಪನ್ನು ಎಳೆದು ಹಿಡಿದು ಹನ್ನೆರಡು ಸುತ್ತು. ಕೊನೆಗೆ ಉಗುರಿನಿಂದ ಒತ್ತಿದಾಗ ಟೇಪಿನ ಮೇಲೆ ಥ್ರೆಡ್ಡಿನ ಗೆರೆ ಸ್ಪಷ್ಟ ಕಾಣಬೇಕು. ಹಿಂದೆ ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪಿಗೆ ನೂಲು ಸುತ್ತಿ ಪೇಂಟ್ ಬಳಿಯುತ್ತಿದ್ದ ಕಾಲದಿಂದ ಈ ಕೈ ಪಳಗಿದೆ ಅನ್ನುವುದು ನೋಡಿದರೇ ಗೊತ್ತಾಗುತ್ತದೆ. ಟೇಪ್ 25 ರೂಪಾಯಿಯದ್ದು, ಸ್ವಲ್ಪ ದಪ್ಪ. ನನ್ನ ಹತ್ತು ರೂಪಾಯಿಯದ್ದು ಎಳೆದರೆ ಹರಿಯುತ್ತಿತ್ತು.

ಇಷ್ಟೆಲ್ಲಾ ಕಲಿತು ಬಂದೂ ರಾತ್ರಿ ಮತ್ತೆ ಸೋರಿತು ಅಂದರೆ ನಂಬುತ್ತೀರಾ! ಗೋಡೆಯ ಕಡೆ ಏನೂ ಇಲ್ಲ, ನಿಪ್ಪಲಿಗೆ ಟ್ಯಾಪ್ ಸೇರುವಲ್ಲಿ ಹನಿ. ಮಂಗಳವಾರ ಅಂಗಡಿ ಮೆಟ್ಟಿಲು ಹತ್ತುವಾಗಲೇ, “ಹಿಂದಕ್ಕೆ ತಿರುಗಿಸಿದಿರಾ?” ಅಂದರು. ಹೌದು, ಬಿಗಿಯಾದಾಗ ಟ್ಯಾಪಿನ ಮೂತಿ ಕಿಟಕಿ ಕಡೆ ನಿಂತಿತ್ತು, ನೇರ ಮಾಡಲು ಕಾಲು ಸುತ್ತು ವಾಪಸ್ ತಿರುಗಿಸಿದ್ದೆ. ಅಲ್ಲಿಗೆ ಟೇಪಿನ ಹಿಡಿತ ಮುಗಿಯಿತಂತೆ. ಮುಂದಕ್ಕೇ ಹೋಗಬೇಕು. ಜಾಗ ದಾಟಿದರೆ ಪೂರ್ತಿ ಬಿಚ್ಚಿ, ಹಳೇ ಟೇಪ್ ಕೆರೆದು, ಎರಡು ಸುತ್ತು ಜಾಸ್ತಿ ಹಾಕಿ ಮತ್ತೆ ಕೂರಿಸಬೇಕು. ಸಂಜೆ ಹಾಗೇ ಮಾಡಿದೆ, ನಿಂತಿತು.

ಫಿಲ್ಟರಿಗೆ ಹೋಗುವ ಕನೆಕ್ಷನ್ ಪೈಪಿನ ನಟ್ಟಿನಲ್ಲೂ ಒಂದೆರಡು ಹನಿ ಇತ್ತು. ಅದಕ್ಕೆ ಟೇಪ್ ಸುತ್ತಿದರೆ ಪ್ರಯೋಜನ ಇಲ್ಲ, ಅಲ್ಲಿ ನೀರು ತಡೆಯುವುದು ಒಳಗಿನ ರಬ್ಬರ್ ವಾಷರ್. ನಾನು ಹಳೇ ಸೈಕಲ್ ಟ್ಯೂಬಿನಿಂದ ಕತ್ತರಿಸಿ ಹಾಕಿದ್ದನ್ನು ಹೇಳಿದಾಗ ಅವರು ಮಾತಾಡದೆ ಡಬ್ಬಿಯಿಂದ ಎರಡು ವಾಷರ್ ತೆಗೆದು ಪೇಪರಿನಲ್ಲಿ ಸುತ್ತಿ ಕೊಟ್ಟರು. ದುಡ್ಡು ಬೇಡ ಅಂದರು.

ಅರ್ಧ ಸ್ಟಾರ್ ಕಡಿಮೆ ಯಾಕೆಂದರೆ ಕಾರು ನಿಲ್ಲಿಸಲು ಜಾಗವೇ ಇಲ್ಲ, ಕೇಳದೆ ಬಿಲ್ ಕೊಡುವುದಿಲ್ಲ, ಮಧ್ಯಾಹ್ನ ಊಟಕ್ಕೆ ಶಟರ್ ಎಳೆದರೆ ಯಾವಾಗ ತೆಗೆಯುತ್ತಾರೋ ದೇವರಿಗೇ ಗೊತ್ತು. ಹೋಗುವವರು ಬಿಚ್ಚಿದ ಹಳೇ ತುಂಡುಗಳನ್ನೆಲ್ಲಾ ಚೀಲದಲ್ಲಿ ಹಾಕಿಕೊಂಡು ಹೋಗಿ, ಇಲ್ಲದಿದ್ದರೆ “ತಗೊಂಡು ಬನ್ನಿ ಮಾಷ್ಟ್ರೇ” ಅಂತ ವಾಪಸ್ ಕಳಿಸುತ್ತಾರೆ, ನೀವು ಮಾಷ್ಟ್ರು ಅಲ್ಲದಿದ್ದರೂ.